ಹಗ್ಗದ ಮೇಲಿನ ಬಟ್ಟೆ ಸಾಕ್ಷಿ ಹೇಳಲಿ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಅಕ್ಕಂದಿರೆ, ತಂಗಿಯರೆ, ಬೆಳಗಿನ ಬಸ್ಸು ಹಿಡಿದು ಐದು ತಾಲ್ಲೂಕುಗಳಿಂದ ಬಂದಿರುವ ತಾಯಂದಿರೆ,

ನನಗೆ ಕೊಟ್ಟಿರುವ ವಿಷಯ ಕಲೆ ಮತ್ತು ಮಹಿಳಾ ದೌರ್ಜನ್ಯ. ಹೊಡೆತ ತಿನ್ನುವ ಹೆಣ್ಣಿಗೆ ಕಲೆಯಿಂದ ಏನಾಗಬೇಕು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವುದರ ಜೊತೆಗೆ ಇವತ್ತು ನಾವು ಒಂದು ತೀರ್ಮಾನವನ್ನೂ ಮಾಡಬೇಕಾಗಿದೆ. ಬರುವ ಮಾರ್ಚ್ 8ರ ಮಹಿಳಾ ದಿನಕ್ಕೆ ಐದು ತಾಲ್ಲೂಕುಗಳಲ್ಲೂ ಬಟ್ಟೆಯ ಹಗ್ಗ ಕಟ್ಟಬೇಕೆಂಬ ಸಲಹೆ ನಮ್ಮ ಮುಂದಿದೆ. ಕಟ್ಟಬೇಕೋ ಬೇಡವೋ, ಕಟ್ಟುವುದಾದರೆ ಹೇಗೆ ಎಂಬುದನ್ನು ನೀವು ನಿರ್ಧರಿಸಬೇಕು.

ನಾನು ಚಿತ್ರ ಬರೆಯುವವಳಲ್ಲ, ಹೊಲಿಗೆ ಕಲಿಸುವವಳು. ಕತ್ತರಿ, ಟೇಪು, ಮಿಷನ್ನು ನನ್ನ ಪ್ರಪಂಚ. ನಮ್ಮ ಹೊಲಿಗೆಯವರ ಬಾಯಲ್ಲಿ ಕಲೆ ಎಂಬ ಮಾತಿಗೆ ಎರಡು ಅರ್ಥ. ಕೈಯಲ್ಲಿರುವ ಕುಶಲ ವಿದ್ಯೆಯೂ ಕಲೆ, ಒಗೆದರೂ ಹೋಗದೆ ಬಟ್ಟೆಯ ಮೇಲೆ ಉಳಿದ ಗುರುತೂ ಕಲೆ. ಇವತ್ತು ಎರಡರ ಬಗ್ಗೆಯೂ ಮಾತಾಡುತ್ತೇನೆ.

ಗೋಡೆಯ ಮೇಲೆ ಒಂದು ಚಿತ್ರ ಇರುತ್ತದೆ. ನಾವು ನೋಡುತ್ತೇವೆ, ಚೆನ್ನಾಗಿದೆ ಎನ್ನುತ್ತೇವೆ, ಮುಂದೆ ಹೋಗುತ್ತೇವೆ. ನಾವು ಬಂದರೂ ಬಾರದಿದ್ದರೂ ಆ ಚಿತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ. ಇನ್ನೊಂದು ಬಗೆಯ ಕಲೆ ಇದೆ. ಪತ್ರಿಕೆಗಳಲ್ಲಿ ಅದನ್ನು ಪ್ರತಿಷ್ಠಾಪನಾ ಕಲೆ ಎಂದು ಬರೆಯುತ್ತಾರೆ, ಪೇಟೆಯವರು ಇನ್‌ಸ್ಟಲೇಷನ್ ಎನ್ನುತ್ತಾರೆ. ಒಂದು ಕೋಣೆಯನ್ನು, ಒಂದು ಬೀದಿಯನ್ನು, ಕೆಲವೊಮ್ಮೆ ಇಡೀ ಮೈದಾನವನ್ನೇ ಕಲಾವಿದೆ ತನ್ನ ಕೃತಿಯನ್ನಾಗಿ ಮಾಡಿಕೊಳ್ಳುತ್ತಾಳೆ. ಅದರಲ್ಲೂ ಕೆಲವು ಕೃತಿಗಳು ಜನ ಬಂದು ಕೈ ಹಾಕುವ ತನಕ ಅರ್ಧವೇ. ಬಂದವರು ಏನಾದರೂ ತರಬೇಕು, ಬರೆಯಬೇಕು, ಕೂರಬೇಕು, ನಡೆಯಬೇಕು. ಬಂದು ನೋಡಿ ಹೋಗುವವರಿಗೆ ಅಲ್ಲಿ ಏನೂ ಕಾಣುವುದಿಲ್ಲ.

ಇದು ನಮಗೆ ಹೊಸದೇನಲ್ಲ. ಕೊಟ್ಟೂರಿನ ತೇರನ್ನು ಎಷ್ಟೇ ಸಿಂಗರಿಸಿ ನಿಲ್ಲಿಸಿದರೂ ಸಾವಿರ ಕೈಗಳು ಮಿಣಿ ಹಿಡಿಯುವ ತನಕ ಅದು ಮರದ ರಾಶಿಯೇ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ನೆರೆದ ಲಕ್ಷಾಂತರ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಆ ಜನ, ಆ ಮೌನ ಇಲ್ಲದಿದ್ದರೆ ಕಾರಣಿಕವೇ ಇಲ್ಲ. ಅಲ್ಲಿ ಸುಮ್ಮನಿರುವುದೂ ಒಂದು ಪಾಲುಗಾರಿಕೆ. ಈ ಮಾತನ್ನು ನೆನಪಿನಲ್ಲಿಡಿ. ನೆರೆಮನೆಯ ಹೆಣ್ಣು ಹೊಡೆತ ತಿಂದು ಕೂಗುವಾಗ ನಾವು ಸುಮ್ಮನಿರುವುದೂ ಪಾಲುಗಾರಿಕೆಯೇ. ಆದರೆ ಅದರಲ್ಲಿ ನಾವು ಯಾರ ಪಾಲಿಗೆ ನಿಂತಂತಾಯಿತು?

ಬೆಂಗಳೂರಿನಲ್ಲಿ ಜಾಸ್ಮೀನ್ ಪಥೇಜಾ ಎಂಬ ಕಲಾವಿದೆ ಇದ್ದಾರೆ. 2003ರಲ್ಲಿ ಸೃಷ್ಟಿ ಕಲಾ ಶಾಲೆಯಲ್ಲಿ ಓದುತ್ತಿದ್ದಾಗ ಅವರು ‘ಬ್ಲಾಂಕ್ ನಾಯ್ಸ್’ ಎಂಬ ಹೆಸರಿನಲ್ಲಿ ಒಂದು ಕೆಲಸ ಶುರು ಮಾಡಿದರು. ಬೀದಿಯಲ್ಲಿ, ಬಸ್ಸಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕುವುದನ್ನು ಆಗ ಎಲ್ಲರೂ ‘ಈವ್ ಟೀಸಿಂಗ್’ ಎನ್ನುತ್ತಿದ್ದರು. ಚುಡಾಯಿಸುವುದು, ಕೀಟಲೆ, ಅಷ್ಟೇ. ಇದು ಕೀಟಲೆಯಲ್ಲ, ಹಿಂಸೆ ಎಂದು ಹೇಳಲು ಅವರು ಭಾಷಣ ಮಾಡಲಿಲ್ಲ, ಹೆಣ್ಣುಮಕ್ಕಳನ್ನೇ ಕರೆದರು. ಅವರು ಕೇಳಿದ್ದು ಒಂದು ವಿಚಿತ್ರವಾದ ವಸ್ತುವನ್ನು. ನಿಮಗೆ ಕಿರುಕುಳವಾದ ದಿನ ನೀವು ಉಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದರು.

ಯಾಕೆ ಬಟ್ಟೆ? ಏನಾದರೂ ಆದಾಗ ಮೊದಲು ಬರುವ ಪ್ರಶ್ನೆ ‘ಅವಳು ಏನು ಹಾಕಿಕೊಂಡಿದ್ದಳು?’ ಎಂಬುದೇ ಅಲ್ಲವೆ? ಪೊಲೀಸರು, ನೆಂಟರು, ಅಕ್ಕಪಕ್ಕದವರು ಎಲ್ಲರೂ ಅದನ್ನೇ ಕೇಳುತ್ತಾರೆ. ಸರಿ, ಏನು ಹಾಕಿಕೊಂಡಿದ್ದೆವು ಎಂದು ತೋರಿಸಿಯೇ ಬಿಡೋಣ ಎಂದರು ಜಾಸ್ಮೀನ್. ಆ ಕೃತಿಗೆ ಅವರು ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥ ‘ನಾನು ಅದನ್ನು ಎಂದೂ ಕೇಳಿಕೊಂಡವಳಲ್ಲ’. ಚೂಡಿದಾರ ಬಂತು, ಸೀರೆ ಬಂತು, ಪ್ಯಾಂಟು ಬಂತು, ಶಾಲೆಯ ಸಮವಸ್ತ್ರವೂ ಬಂತು. ಶಾಲೆಯ ಸಮವಸ್ತ್ರ ನೋಡಿದ ಮೇಲೆ ‘ಏನು ಹಾಕಿಕೊಂಡಿದ್ದಳು’ ಎಂಬ ಪ್ರಶ್ನೆ ಕೇಳಲು ಯಾರಿಗೆ ಬಾಯಿ ಬರುತ್ತದೆ? 2018ರ ಹೊತ್ತಿಗೆ ಅವರ ಮನೆಯ ಒಂದು ಕೋಣೆಯೇ ಈ ಬಟ್ಟೆಗಳ ಸಂಗ್ರಹಾಲಯವಾಗಿತ್ತು. ಹತ್ತು ಸಾವಿರ ಉಡುಪುಗಳನ್ನು ಸಾರ್ವಜನಿಕ ಜಾಗಗಳಲ್ಲಿ ಸಾಕ್ಷಿಯಾಗಿ ನಿಲ್ಲಿಸಬೇಕೆಂಬುದು ಅವರು ಇಟ್ಟುಕೊಂಡ ಗುರಿ.

ಅವರ ಇನ್ನೆರಡು ಕೆಲಸಗಳನ್ನು ಚಿಕ್ಕದಾಗಿ ಹೇಳುತ್ತೇನೆ. 2012ರಲ್ಲಿ ಯಲಹಂಕದಲ್ಲಿ ವಿದ್ಯಾರ್ಥಿನಿಯರು ನಡೆಯಲು ಹೆದರುತ್ತಿದ್ದ ಒಂದು ಬೀದಿ ಇತ್ತು. ಅಲ್ಲಿ ಮೇಜು, ಎದುರುಬದುರು ಕುರ್ಚಿ ಹಾಕಿ, ಚಹಾ ಮತ್ತು ಸಮೋಸ ಇಟ್ಟು, ಗುರುತಿಲ್ಲದ ಗಂಡಸರೂ ಹುಡುಗಿಯರೂ ಕೂತು ಮಾತಾಡುವಂತೆ ಮಾಡಿದರು. ಹೆದರಿಕೆಯ ಬೀದಿ ಆ ಹೊತ್ತಿಗಾದರೂ ಮಾತಿನ ಬೀದಿಯಾಯಿತು. ಇನ್ನೊಂದು, ಹೆಂಗಸರು ಗುಂಪಾಗಿ ಉದ್ಯಾನಗಳಿಗೆ ಹೋಗಿ ಹಾಡುಹಗಲು ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುವುದು. ನಗಬೇಡಿ. ಗಂಡಸರು ಕಟ್ಟೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಗುಡಿಯ ಪೌಳಿಯಲ್ಲಿ ಟವೆಲ್ ಹಾಸಿ ಮಲಗುತ್ತಾರೆ. ನಮ್ಮಲ್ಲಿ ಯಾರು ಊರ ಕಟ್ಟೆಯ ಮೇಲೆ ಹೆದರಿಕೆಯಿಲ್ಲದೆ ಒಂದು ಗಳಿಗೆ ಕಣ್ಣು ಮುಚ್ಚಿದ್ದೇವೆ, ಹೇಳಿ ನೋಡೋಣ. ಈ ಯಾವ ಕೃತಿಯನ್ನೂ ಜಾಸ್ಮೀನ್ ಒಬ್ಬರೇ ಮಾಡಲು ಬರುವುದಿಲ್ಲ. ಬಟ್ಟೆ ತಂದವಳು, ಕುರ್ಚಿಯಲ್ಲಿ ಕೂತವಳು, ಹುಲ್ಲಿನ ಮೇಲೆ ಮಲಗಿದವಳು ಸೇರಿದರೆ ಮಾತ್ರ ಕೃತಿ.

ಇದೆಲ್ಲ ಬೀದಿಯ ಮಾತಾಯಿತು, ನಮ್ಮ ಕಷ್ಟ ಇರುವುದು ಮನೆಯೊಳಗೆ ಎನ್ನುತ್ತೀರಿ. ಅದು ಸರಿ. ಆದರೆ ‘ಅವಳೇ ಕೇಳಿಕೊಂಡಳು’ ಎಂಬ ಮಾತು ಬೀದಿಗಿಂತ ಮನೆಯಲ್ಲೇ ಹೆಚ್ಚು ಓಡಾಡುತ್ತದೆ. ‘ಎದುರು ಮಾತಾಡ್ತಾಳ, ಅದಕ್ಕ ಹೊಡೀತಾನ.’ ‘ಅತ್ತೀಗೆ ಮರ್ಯಾದಿ ಕೊಡಂಗಿಲ್ಲ, ಮತ್ತೇನು ಮಾಡ್ತಾನ?’ ‘ಹೇಳದಂಗ ತವರಿಗೆ ಹೋಗಿದ್ದಳಂತ.’ ಈ ಮಾತುಗಳನ್ನು ಗಂಡಸರು ಮಾತ್ರ ಆಡುತ್ತಾರೆಯೆ?

2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರನ್ನು ಕೇಳಿದಾಗ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಲೆಕ್ಕ ನೂರಕ್ಕೆ 29. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಅಡುಗೆ ಸರಿಯಾಗಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ನೋಡಿಕೊಳ್ಳದಿದ್ದರೆ, ವಾದ ಮಾಡಿದರೆ, ಅತ್ತೆ ಮಾವಂದಿರಿಗೆ ಅಗೌರವ ತೋರಿಸಿದರೆ, ಹೀಗೆ ಏಳು ಕಾರಣ ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 82 ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಹೆಂಗಸರು ಎಷ್ಟು ಜನ ಸರಿ ಎಂದರು ಗೊತ್ತೇ? ನೂರಕ್ಕೆ ಸುಮಾರು 77.

ಗೆಳತಿಯರೆ, ಈ ಲೆಕ್ಕ ನಮ್ಮನ್ನು ಬೈಯುವುದಕ್ಕಲ್ಲ. ಹುಟ್ಟಿದಾಗಿನಿಂದ ನಮಗೆ ಕಲಿಸಿದ್ದೇ ಹಾಗೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಉಂಡ ಮೇಲೆ ಮಲಗಿ ಮತ್ತೆ ಏಳದ ಹೆಣ್ಣುಮಕ್ಕಳ ಬಗ್ಗೆ ಆ ಗಾದೆಯಲ್ಲಿ ಒಂದು ಮಾತೂ ಇಲ್ಲ. ಆದ್ದರಿಂದ ‘ನಾನು ಕೇಳಿಕೊಂಡಿರಲಿಲ್ಲ’ ಎಂಬ ಮಾತನ್ನು ಮೊದಲು ಗಂಡಸರಿಗೆ ಹೇಳುವುದಕ್ಕಿಂತ ನಮ್ಮ ನಮ್ಮೊಳಗೇ ಹೇಳಿಕೊಳ್ಳಬೇಕಾಗಿದೆ.

ಹೊಲಿಗೆಯವಳಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಕುಪ್ಪಸದ ಅಳತೆ ತೆಗೆಯುವಾಗ ಹೆಣ್ಣುಮಗಳ ಮೈ ಮಾತಾಡುತ್ತದೆ. ಟೇಪು ತೋಳಿಗೆ ಸುತ್ತಿದರೆ ಕೆಲವರು ಚಿಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬೆನ್ನಿನ ಅಳತೆ ಬೇಡ, ಹಳೆಯ ಕುಪ್ಪಸ ಕೊಡುತ್ತೇನೆ, ಅದರ ಮೇಲೆಯೇ ಕತ್ತರಿಸಿರಿ ಎನ್ನುವವರಿದ್ದಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮೊಣಕೈ ದಾಟಿದ ತೋಳು ಬೇಕೆಂದು ಕೇಳುವವರಿದ್ದಾರೆ. ಒಬ್ಬ ಹುಡುಗಿಗೆ ‘ಯಾಕವ್ವ ತಂಗಿ, ಈ ಬಿಸಲಾಗ ಇಷ್ಟುದ್ದ ತೋಳು?’ ಎಂದು ಕೇಳಿದೆ. ‘ಬಾಗಲಾ ಬಡೀತ್ರಿ ಅಕ್ಕಾ’ ಎಂದಳು. ಎರಡೂ ತೋಳಿಗೆ, ಅದೂ ಐದು ಬೆರಳಿನ ಗುರುತು ಮೂಡುವ ಹಾಗೆ, ಯಾವ ಬಾಗಿಲು ಬಡಿಯುತ್ತದೆ? ಅವತ್ತು ಮಿಷನ್ನು ನಿಲ್ಲಿಸಿ, ಅವಳನ್ನು ಕೂರಿಸಿ, ಚಹಾ ಕುಡಿಸಿ ಮಾತಾಡಿದೆ. ಮಾರನೆಯ ವಾರ ಅವಳೇ ಸಂಘಕ್ಕೆ ಬಂದಳು. ಮದುವೆಯಲ್ಲಿ ಒಪ್ಪಿಕೊಂಡ ಬಂಗಾರದಲ್ಲಿ ಎರಡು ತೊಲ ಬಾಕಿ ಇತ್ತು. ಆ ಎರಡು ತೊಲದ ಬಾಕಿಯನ್ನು ಅವಳ ಮೈಮೇಲೆ ವಸೂಲು ಮಾಡುತ್ತಿದ್ದರು. ಆ ಉದ್ದ ತೋಳಿನ ಕುಪ್ಪಸ ಬರೀ ಬಟ್ಟೆಯಲ್ಲ, ಅದೊಂದು ಅರ್ಜಿ. ಓದಲು ಬರುವವರು ಬೇಕು ಅಷ್ಟೇ.

ಬಟ್ಟೆಯಲ್ಲಿ ಬರೆದ ಇಂಥ ಅರ್ಜಿಗಳನ್ನು ಹೊರಗೆ ತಂದವರು ಬೇರೆ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಯಾನಿಸ್ ಎಂಬ ಊರಿದೆ. 1990ರ ಅಕ್ಟೋಬರಿನಲ್ಲಿ ಅಲ್ಲಿನ ಹೆಂಗಸರು ಊರ ನಡುವಿನ ಬಯಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ 31 ಅಂಗಿಗಳನ್ನು ನೇತುಹಾಕಿದರು. ಒಂದೊಂದು ಅಂಗಿಯ ಮೇಲೂ ಒಬ್ಬೊಬ್ಬ ಹೆಣ್ಣುಮಗಳು ತನಗಾದದ್ದನ್ನು ಬರೆದಿದ್ದಳು, ಬಣ್ಣ ಹಚ್ಚಿದ್ದಳು, ಹೊಲಿದಿದ್ದಳು. ಬಣ್ಣಕ್ಕೆ ಒಂದೊಂದು ಅರ್ಥ. ಹಿಂಸೆಯಿಂದ ಸತ್ತವರಿಗೆ ಬಿಳಿ, ಮನೆಯಲ್ಲಿ ಹೊಡೆತ ತಿಂದವರಿಗೆ ಹಳದಿ, ಅತ್ಯಾಚಾರಕ್ಕೆ ಗುರಿಯಾದವರಿಗೆ ಕೆಂಪು. ಹಗ್ಗವನ್ನೇ ಯಾಕೆ ಆರಿಸಿಕೊಂಡರು? ಬಟ್ಟೆ ಒಗೆಯುವುದು ಅಲ್ಲಿಯೂ ಹೆಂಗಸರ ಕೆಲಸ. ಹಿತ್ತಲಿನಲ್ಲಿ ಬಟ್ಟೆ ಹರವುತ್ತ, ಬೇಲಿಯ ಆಚೆ ಈಚೆ ನಿಂತು ಹೆಂಗಸರು ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಹಿತ್ತಲಿನ ಮಾತನ್ನು ಊರ ಬಯಲಿಗೆ ತಂದರು, ಅಷ್ಟೇ. ನೋಡಲು ಬಂದವರು ಅಲ್ಲಿಯೇ ಕೂತು ತಮ್ಮ ಅಂಗಿಯನ್ನೂ ಮಾಡಿ ಸೇರಿಸಬಹುದಿತ್ತು. 31 ಅಂಗಿಯ ಆ ಹಗ್ಗ ಅನೇಕ ಊರುಗಳಿಗೆ, ದೇಶಗಳಿಗೆ ಹಬ್ಬಿತು.

ಅವರಿಗೆ ದಾರಿ ತೋರಿಸಿದ್ದು ಒಂದು ಕೌದಿ. ಏಡ್ಸ್ ರೋಗದಿಂದ ಸತ್ತವರ ಹೆಸರು ಹೇಳಲೂ ಜನ ನಾಚುತ್ತಿದ್ದ ಕಾಲದಲ್ಲಿ ಅವರ ಮನೆಯವರು, ಗೆಳೆಯರು ಒಬ್ಬೊಬ್ಬರ ಹೆಸರಿನಲ್ಲಿ ಆರಡಿ ಉದ್ದ, ಮೂರಡಿ ಅಗಲದ ಬಟ್ಟೆ ಹೊಲಿದು ಜೋಡಿಸಿದರು. 1987ರಲ್ಲಿ ವಾಷಿಂಗ್ಟನ್ ನಗರದ ಬಯಲಿನಲ್ಲಿ ಮೊದಲ ಸಲ ಹರವಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಕೌದಿ ಹೊಲಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲ ಸೇರಿಸಿ, ಐದಾರು ಜನ ಸುತ್ತ ಕೂತು ಹೊಲಿದ ಕೌದಿಗೆ ಕರ್ತೃ ಯಾರು ಎಂದು ಕೇಳಿದರೆ ಒಬ್ಬಳ ಹೆಸರು ಹೇಳಲಾಗುವುದಿಲ್ಲ. ಇವರು ದೊಡ್ಡದಾಗಿ ಮಾಡಿದ್ದೂ ಅದನ್ನೇ.

ಇನ್ನೊಂದು ಉದಾಹರಣೆ ಯುರೋಪಿನ ಕೊಸೊವೊ ದೇಶದ್ದು. 1998–99ರ ಯುದ್ಧದಲ್ಲಿ ಅಲ್ಲಿ ಬಹಳಷ್ಟು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಮಾನ ಹೋಗುತ್ತದೆಂದು ಯಾರೂ ಬಾಯಿ ಬಿಡಲಿಲ್ಲ. ಹದಿನಾರು ವರ್ಷದ ಮೇಲೆ, 2015ರ ಜೂನ್ 12ರಂದು, ಅಲ್ಕೆಟಾ ಝಾಫಾ ಮ್ರಿಪಾ ಎಂಬ ಕಲಾವಿದೆ ರಾಜಧಾನಿ ಪ್ರಿಸ್ಟಿನಾದ ಫುಟ್‌ಬಾಲ್ ಮೈದಾನದ ತುಂಬ ಹಗ್ಗ ಕಟ್ಟಿ 5,000 ಲಂಗ, ಉಡುಪುಗಳನ್ನು ನೇತುಹಾಕಿಸಿದರು. ದೇಶದ ಊರೂರಿನಿಂದ ಜನ ಬಟ್ಟೆ ಕೊಟ್ಟರು. ಹಿಂಸೆ ಅನುಭವಿಸಿದವರು ಮಾತ್ರವಲ್ಲ, ಅವರ ಜೊತೆ ನಾವಿದ್ದೇವೆ ಎನ್ನುವವರೂ ಕೊಟ್ಟರು. ಇದು ಮುಖ್ಯವಾದ ಮಾತು. ಅಷ್ಟು ಬಟ್ಟೆಗಳ ನಡುವೆ ಯಾವುದು ಯಾರದು, ಯಾರು ಸಂತ್ರಸ್ತೆ, ಯಾರು ಜೊತೆಗಾತಿ ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಒಬ್ಬಳ ಗುಟ್ಟು ಐದು ಸಾವಿರ ಜನರ ನಡುವೆ ಭದ್ರವಾಗಿತ್ತು, ಆದರೂ ಎಲ್ಲರ ಕಣ್ಣೆದುರಿಗಿತ್ತು.

ಆ ಮೈದಾನವನ್ನು ನಾನು ನನ್ನ ಲೆಕ್ಕಕ್ಕೆ ತಂದು ನೋಡಿದೆ. ನಮ್ಮ ದೇಶದಲ್ಲಿ 2022ನೇ ಇಸವಿ ಒಂದರಲ್ಲೇ ಪೊಲೀಸರು ದಾಖಲಿಸಿದ ವರದಕ್ಷಿಣೆ ಸಾವಿನ ಪ್ರಕರಣಗಳು 6,450. ಸ್ಟೌ ಸಿಡಿಯಿತು, ಬಾವಿಗೆ ಜಾರಿದಳು, ಹೊಟ್ಟೆನೋವು ತಾಳದೆ ವಿಷ ಕುಡಿದಳು ಎಂದು ಬರೆಸಿ ಮುಚ್ಚಿಹಾಕಿದ ಸಾವುಗಳು ಇದರಲ್ಲಿ ಸೇರಿಲ್ಲ. ಒಬ್ಬೊಬ್ಬಳಿಗೆ ಒಂದೊಂದು ಬಟ್ಟೆ ಎಂದರೂ ಆ ಮೈದಾನದ ಹಗ್ಗ ನಮಗೆ ಸಾಲದು. ಐದೂವರೆ ಮೀಟರಿನ ಒಂದೊಂದು ಸೀರೆಯನ್ನು ತುದಿಗೆ ತುದಿ ಕಟ್ಟಿದರೆ 35 ಕಿಲೋಮೀಟರ್ ದಾಟುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕೂತು, ಸುಮಾರು ಒಂದು ಗಂಟೆ ಹೊತ್ತು ಬರೀ ಸೀರೆಗಳನ್ನೇ ನೋಡುತ್ತ ಹೋದಂತೆ. ಅದು ಒಂದು ವರ್ಷದ ಲೆಕ್ಕ.

ಈಗ ಒಂದು ಕಹಿ ಮಾತು. ಜನ ಕೈ ಹಾಕಿದರೆ ಮಾತ್ರ ಪೂರ್ತಿಯಾಗುವ ಒಂದು ದೊಡ್ಡ ಪ್ರದರ್ಶನ ನಮ್ಮಲ್ಲಿಯೂ ವರ್ಷ ವರ್ಷ ನಡೆಯುತ್ತದೆ. ಮದುವೆಯ ಚಪ್ಪರದ ಒಂದು ಬದಿಯಲ್ಲಿ ಬೀರು, ಮಂಚ, ಗಾದಿ, ಫ್ರಿಜ್ಜು, ಬಾಂಡೆ ಸಾಮಾನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಮುಂದೆ ಮೋಟಾರ್ ಸೈಕಲ್ಲಿಗೆ ಹೂವಿನ ಹಾರ. ನಾವು ಹೋಗುತ್ತೇವೆ, ಬೀರುವಿನ ಬಾಗಿಲು ತೆಗೆದು ನೋಡುತ್ತೇವೆ, ಹಂಡೆ ಎತ್ತಿ ತೂಕ ನೋಡುತ್ತೇವೆ, ‘ಚಲೋ ಕೊಟ್ಟಾರ’ ಎನ್ನುತ್ತೇವೆ ಅಥವಾ ‘ಇಷ್ಟೇನಾ’ ಎಂದು ತುಟಿ ಕೊಂಕಿಸುತ್ತೇವೆ. ನೋಡುವವರು ಇಲ್ಲದಿದ್ದರೆ ಆ ಸಾಮಾನನ್ನು ಅಲ್ಲಿ ಜೋಡಿಸುವವರೇ ಇಲ್ಲ. 1961ರಿಂದ ವರದಕ್ಷಿಣೆ ನಿಷೇಧ ಕಾನೂನು ಇರುವ ದೇಶದಲ್ಲಿ ಈ ಪ್ರದರ್ಶನವನ್ನು ಪೂರ್ತಿ ಮಾಡುತ್ತಿರುವುದು ನಮ್ಮ ಕಣ್ಣುಗಳು. ಮಗಳ ಮದುವೆಗೆಂದು ಸಂಘದಿಂದ ಎತ್ತಿದ ಸಾಲ ಎಷ್ಟೋ ಸಲ ಅದೇ ಬೀರುವಾಗಿ, ಅದೇ ಬಂಗಾರವಾಗಿ ಹೋಗುತ್ತದೆ. ವಾರ ವಾರ ಕೂಲಿ ಮಾಡಿ ಉಳಿಸಿದ ದುಡ್ಡು ಅದು.

ಆದ್ದರಿಂದ ಬಟ್ಟೆಯ ಹಗ್ಗ ಕಟ್ಟೋಣ ಎಂಬುದು ನನ್ನ ಅಭಿಪ್ರಾಯ. ಮದುವೆಯ ಚಪ್ಪರದಲ್ಲಿ ಏನು ಕೊಟ್ಟರು ಎಂದು ನೋಡಿದ ಊರು, ಆಮೇಲೆ ಏನಾಯಿತು ಎಂಬುದನ್ನೂ ನೋಡಲಿ.

ಇದಕ್ಕೆ ಆಕ್ಷೇಪಗಳಿವೆ. ಸಂಘದ ಸಭೆಗಳಲ್ಲಿ ಬಂದ ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

ಒಂದು, ಮನೆಯ ಮಾನ ಬೀದಿಗೆ ಬರುತ್ತದೆ. ಹೊಡೆದವನ ಮಾನ ಹೋಗದೆ ಹೊಡೆಸಿಕೊಂಡವಳ ಮಾನ ಹೋಗುವುದು ಎಲ್ಲಿಯ ನ್ಯಾಯ? ಮಾನ ಯಾರದು ಹೋಗಬೇಕು ಎಂಬುದನ್ನು ತಿದ್ದುವುದಕ್ಕೇ ಈ ಹಗ್ಗ.

ಎರಡು, ಅಪಾಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಬಟ್ಟೆ ಕೊಟ್ಟವಳಿಗೆ ಕಿರುಕುಳ ಕೊಟ್ಟವನು ಬಸ್ಸಿನಲ್ಲಿ ಮರೆಯಾಗಿ ಹೋದವನು. ನಮ್ಮವಳು ಬಟ್ಟೆ ನೇತುಹಾಕಿ ಸಂಜೆ ಹೋಗುವುದು ಅದೇ ಮನೆಗೆ, ಅದೇ ಗಂಡನ ಮುಂದೆ. ಸೀರೆಯ ಅಂಚು ನೋಡಿದರೆ ಸಾಕು, ಊರಿನಲ್ಲಿ ಅದು ಯಾರದೆಂದು ಗೊತ್ತಾಗುತ್ತದೆ. ಅದಕ್ಕೆ ಕೆಲವು ಕಟ್ಟಳೆಗಳನ್ನು ನಾವೇ ಹಾಕಿಕೊಳ್ಳಬೇಕು. ಯಾವ ಬಟ್ಟೆಯ ಮೇಲೂ ಹೆಸರು, ಊರು, ಮನೆತನ ಬೇಡ, ಹೆಣ್ಣಿನದೂ ಬೇಡ, ಗಂಡಿನದೂ ಬೇಡ. ಕೂಡ್ಲಿಗಿಯ ಬಟ್ಟೆ ಹಡಗಲಿಯಲ್ಲಿ ತೂಗಲಿ, ಹರಪನಹಳ್ಳಿಯದು ಕೊಟ್ಟೂರಿನಲ್ಲಿ, ಕೊಟ್ಟೂರಿನದು ಹಗರಿಬೊಮ್ಮನಹಳ್ಳಿಯಲ್ಲಿ. ತನ್ನ ಬಟ್ಟೆಯೇ ಆಗಬೇಕೆಂದಿಲ್ಲ, ಹೊಸ ಕಣದ ಒಂದು ತುಂಡಿನ ಮೇಲೆ ನಾಲ್ಕು ಹೊಲಿಗೆ ಹಾಕಿದರೂ ಸಾಕು. ಬರೆಯಲು ಬಾರದವರ ಮಾತನ್ನು ಅವರು ನಂಬುವ ಒಬ್ಬಳೇ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಡಬಾರದು. ನೋವಿಲ್ಲದವರೂ ಬಟ್ಟೆ ಕೊಡಲಿ, ಕೊಸೊವೊದಲ್ಲಿ ಮಾಡಿದಂತೆ. ಆಗ ನೋವುಂಡವಳನ್ನು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಮನಸ್ಸಿಲ್ಲದವಳನ್ನು ಒತ್ತಾಯ ಮಾಡಬಾರದು, ಯಾಕೆ ಕೊಡಲಿಲ್ಲ ಎಂದು ಕೇಳಲೂಬಾರದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಟ್ಟಳೆ ಇದೆ. ರಕ್ತದ ಕಲೆ ಇರುವ, ಹರಿದ, ಸುಟ್ಟ, ಸೀಮೆಎಣ್ಣೆಯ ವಾಸನೆ ಇರುವ ಬಟ್ಟೆ ಹಗ್ಗಕ್ಕೆ ಬರಬಾರದು. ಅದು ಕೇಸಿಗೆ ಬೇಕಾದ ಪುರಾವೆ. ಅಂಥ ಬಟ್ಟೆಯನ್ನು ಒಗೆಯಬೇಡಿ. ಹಸಿಯಾಗಿದ್ದರೆ ನೆರಳಿನಲ್ಲಿ ಆರಲು ಬಿಟ್ಟು ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಹಿಡಿದು ಹಾಳಾಗುತ್ತದೆ. ಸುಟ್ಟ ಅಥವಾ ಸೀಮೆಎಣ್ಣೆ ಬಿದ್ದ ಬಟ್ಟೆಯನ್ನು ಮಾತ್ರ ಗಾಳಿಗೆ ಹರವದೆ ಇದ್ದ ಹಾಗೆಯೇ ಬೇಗ ಪೊಲೀಸರಿಗೆ ಒಪ್ಪಿಸಿ, ವಾಸನೆ ಹಾರಿದರೆ ಪುರಾವೆಯೂ ಹಾರಿತು. ಯಾವುದನ್ನು ಕೊಟ್ಟರೂ ಪಂಚನಾಮೆ ಮಾಡಿಸಿ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂಬುದನ್ನು ನಿಜವಾಗಿ ಬರೆಸಿ. ಬಿದ್ದೆ ಎಂದು ಬರೆಸಿದರೆ ಆ ಕಾಗದವೇ ನಾಳೆ ನಿಮ್ಮ ವಿರುದ್ಧ ನಿಲ್ಲುತ್ತದೆ.

ಮೂರನೆಯ ಆಕ್ಷೇಪ, ಇದರಿಂದ ಹೊಡೆತ ನಿಲ್ಲುತ್ತದೆಯೆ? ಹಗ್ಗ ಕಟ್ಟಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಜೀವನಾಂಶ ಸಿಗುವುದಿಲ್ಲ, ಆರೋಪಿಗೆ ಶಿಕ್ಷೆಯಾಗುವುದಿಲ್ಲ. ಅದಕ್ಕೆ ಕಾನೂನು ಇದೆ, ಅದನ್ನು ಹಿಡಿದುಕೊಂಡೇ ಹೋಗಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೆ ಮನೆ ಗಂಡನ ಹೆಸರಿನಲ್ಲಿದ್ದರೂ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕಾಯ್ದೆಯ ರಕ್ಷಣಾಧಿಕಾರಿ, ಅವರ ಮುಂದೆ ವರದಿ ಬರೆಸಬಹುದು. ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ 498ಎ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85ನೇ ಕಲಮು. ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವಿಗೆ 80ನೇ ಕಲಮು. ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಆದರೆ ಈ ಎಲ್ಲ ಬಾಗಿಲುಗಳನ್ನು ತಟ್ಟಲು ಅವಳು ಮೊದಲು ಮನೆಯ ಹೊಸ್ತಿಲು ದಾಟಬೇಕು. ತಪ್ಪು ನನ್ನದೇ ಎಂದುಕೊಂಡಿರುವವಳು ದಾಟುವುದಿಲ್ಲ. ಊರಿನಲ್ಲಿ ಇದು ನನಗೊಬ್ಬಳಿಗೇ ಆಗುತ್ತಿದೆ ಎಂದುಕೊಂಡಿರುವವಳು ದಾಟುವುದಿಲ್ಲ. ಸಂತೆಗೆ ಬಂದವಳು ಹಗ್ಗದ ಮೇಲೆ ತನ್ನಂಥದೇ ಉದ್ದ ತೋಳಿನ ಕುಪ್ಪಸಗಳನ್ನು ಹತ್ತು, ಇಪ್ಪತ್ತು, ನೂರು ನೋಡಿದರೆ ಆ ಎರಡೂ ಸುಳ್ಳು ಅಲ್ಲಿಯೇ ಕಳಚಿ ಬೀಳುತ್ತವೆ. ಈ ಕಲೆಯಿಂದ ಆಗುವ ಕೆಲಸ ಅಷ್ಟು. ಅದು ಸಣ್ಣದಲ್ಲ.

ನೋಡಲು ಬಂದವರನ್ನು ಸುಮ್ಮನೆ ಕಳಿಸಬಾರದು. ಮೆಕ್ಸಿಕೋ ದೇಶದ ಮೋನಿಕಾ ಮಾಯೆರ್ ಎಂಬ ಕಲಾವಿದೆ 1978ರಲ್ಲಿ ಹೆಂಗಸರ ಕೈಗೆ ಸಣ್ಣ ಗುಲಾಬಿ ಚೀಟಿ ಕೊಟ್ಟರು. ಅದರಲ್ಲಿ ಅರ್ಧ ವಾಕ್ಯ ಇತ್ತು, ಹೆಣ್ಣಾಗಿ ಈ ನಗರದಲ್ಲಿ ನಿಮಗೆ ಹಿಡಿಸದ್ದು ಯಾವುದೆಂದು ಅವರು ತುಂಬಿ ಹಗ್ಗಕ್ಕೆ ಸಿಕ್ಕಿಸಬೇಕಿತ್ತು. ನಾವೂ ಒಂದು ಅರ್ಧ ವಾಕ್ಯ ಕೊಡೋಣ: ‘ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ನಾನು...’ ಅದನ್ನು ಹೆಂಗಸರೂ ತುಂಬಲಿ, ಗಂಡಸರೂ ತುಂಬಲಿ, ಕಾಲೇಜಿನ ಹುಡುಗರೂ ತುಂಬಲಿ. ದೊಡ್ಡ ಸಾಹಸ ಬೇಕಾಗಿಲ್ಲ. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಪ್ರಚಾರ ನಡೆಸಿತು, ಅದರ ವ್ಯಾನುಗಳು ಕರ್ನಾಟಕದಲ್ಲೂ ಓಡಾಡಿದವು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದ ಒಬ್ಬ ಹೋಗಿ ಗಂಟೆ ಒತ್ತಿ ಒಂದು ಲೋಟ ಹಾಲು ಕೇಳುತ್ತಾನೆ. ಹೊಡೆಯುವವನಿಗೆ ಅರ್ಥವಾಗುತ್ತದೆ, ಹೊರಗೆ ಕಿವಿಗಳಿವೆ ಎಂದು. ನಮ್ಮ ಮನೆಗಳಿಗೆ ಗಂಟೆ ಇಲ್ಲದಿದ್ದರೆ ಚಿಲಕ ಇದೆ. ಒಂದು ಹಿಡಿ ಉಪ್ಪು ಕೇಳಲು ನೆಪ ಬೇಕೇ?

ನನ್ನ ಸಲಹೆ ಇಷ್ಟು. ಮಹಿಳಾ ದಿನದಂದು ಐದು ತಾಲ್ಲೂಕುಗಳಲ್ಲಿ, ಸಭಾಭವನದೊಳಗಲ್ಲ, ಸಂತೆ ಸೇರುವ ಬಯಲಿನಲ್ಲಿ ಹಗ್ಗ ಕಟ್ಟೋಣ. ಹಗ್ಗದ ಪಕ್ಕದಲ್ಲಿ ಒಂದು ಮೇಜು, ಅಲ್ಲಿ ಕಾನೂನು ತಿಳಿದ ಒಬ್ಬರು, ಗುಟ್ಟಾಗಿ ಮಾತಾಡಲು ಒಂದು ಪರದೆಯ ಮರೆ. ಸಂಜೆ ಬಟ್ಟೆಗಳನ್ನು ಇಳಿಸಿ ತಾಲ್ಲೂಕಿಗೊಂದು ಕೌದಿ ಹೊಲಿಯೋಣ. ತಾಂಡಾಗಳ ಅಕ್ಕಂದಿರು ತಮ್ಮ ಕನ್ನಡಿಯ ಕಸೂತಿ ಹಾಕಲಿ. ಐದೂ ಸೇರಿ ಒಂದಾದ ಮೇಲೆ ಆ ಕೌದಿ ಸಂಘದಿಂದ ಸಂಘಕ್ಕೆ ತಿರುಗಲಿ. ಯಾವ ಊರಿನಲ್ಲಿ ಅದನ್ನು ಹಾಸುತ್ತೇವೋ ಅಲ್ಲಿ ಸಭೆ ನಡೆಯಲಿ. ಆ ಸಭೆಯಲ್ಲಿ ಎರಡು ಕೆಲಸ ತಪ್ಪದೆ ಆಗಲಿ: ಈ ತಿಂಗಳು ಯಾರ ಮನೆಯ ಚಿಲಕ ಬಡಿದೆವು ಎಂದು ಕೇಳುವುದು ಮತ್ತು ಮದುವೆಯ ಸಾಲಕ್ಕೆ ಅರ್ಜಿ ಬಂದಾಗ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು.

ಜಾಸ್ಮೀನ್ ಅವರ ಕೃತಿಯಾಗಲಿ, ಹಯಾನಿಸ್ಸಿನ ಹಗ್ಗವಾಗಲಿ, ನೋಡುವವರು ನೋಡುವವರಾಗಿಯೇ ಉಳಿದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಮನೆಯೊಳಗಿನ ಹಿಂಸೆಯಾದರೋ ನೋಡುವವರು ನೋಡುವವರಾಗಿಯೇ ಉಳಿದಷ್ಟು ದಿನ ಬದುಕುತ್ತದೆ. ಎಲ್ಲಿ ಕೈ ಹಾಕಬೇಕು, ಎಲ್ಲಿಂದ ಕೈ ತೆಗೆಯಬೇಕು ಎಂಬುದನ್ನು ಈಗ ನೀವು ಹೇಳಬೇಕು. ಒಪ್ಪುವವರೂ ಮಾತಾಡಿ, ಒಪ್ಪದವರೂ ಮಾತಾಡಿ. ಹಗ್ಗ ನಾನು ತಂದಿದ್ದೇನೆ, ಬಟ್ಟೆ ನಿಮ್ಮದು.